ಸಾಲಿನಲ್ಲಿ ನಿಂತವರು ಮತ್ತು ಸಾಲೇ ಇಲ್ಲದವರು

ಪ್ರಶ್ನೆ: ನನ್ನ ಮಗ 2011ರಿಂದ ಅಮೆರಿಕದ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದಾನೆ. 2015ರಲ್ಲಿ ಗ್ರೀನ್ ಕಾರ್ಡ್ ಅರ್ಜಿ ಹಾಕಿಸಿ ಇಂದಿಗೂ ಕಾಯುತ್ತಿದ್ದಾನೆ. ಮೂರು ವರ್ಷದ ಮಗುವಾಗಿ ಹೋದ ಮೊಮ್ಮಗಳಿಗೆ ಈಗ ಹದಿನೇಳು. ತೆರಿಗೆ ಕಟ್ಟಿ, ಕಾನೂನು ಪಾಲಿಸಿ ಇವರು ಕಾಯುತ್ತಿರುವಾಗ, ಗಡಿ ದಾಟಿ ಹೋದ ಲಕ್ಷಾಂತರ ಕೂಲಿಯವರನ್ನು ಸಕ್ರಮ ಮಾಡಬೇಕೆಂದು ಅಲ್ಲಿ ಕೆಲವರು ವಾದಿಸುತ್ತಾರೆ. ಎಲ್ಲರನ್ನೂ ಹೊರಹಾಕಬೇಕೆಂದು ಇನ್ನು ಕೆಲವರು. ಆ ಜನ ನನ್ನ ಮಗನಂತೆ ಸಾಲಿನಲ್ಲಿ ಏಕೆ ನಿಲ್ಲುವುದಿಲ್ಲ? ಅಷ್ಟು ದೊಡ್ಡ ದೇಶಕ್ಕೆ ಒಂದು ಕಾನೂನು ಮಾಡಿಕೊಳ್ಳಲು ನಲವತ್ತು ವರ್ಷ ಸಾಲದೆ? — ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮಾನ್ಯರೇ, ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಅವರು ಸಾಲಿನಲ್ಲಿ ನಿಲ್ಲದಿರುವುದು ಅವರಿಗೆಂದು ಸಾಲೇ ಇಲ್ಲದಿರುವುದರಿಂದ. ಎರಡನೆಯದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗುತ್ತದೆ. ನಿಮ್ಮ ಮಗನ ವಿಳಂಬಕ್ಕೂ ಆ ಕೂಲಿಯವರ ಅಕ್ರಮಕ್ಕೂ ಮೂಲ ಒಂದೇ ಎಂಬುದು ನನ್ನ ಅಭಿಪ್ರಾಯ; ಅದನ್ನು ತೋರಿಸಲು ಹಳೆಯ ಕಾನೂನುಗಳ ಕಡೆಗೆ ಹೋಗದೆ ವಿಧಿಯಿಲ್ಲ.

ಸಾಲಿನ ಲೆಕ್ಕವನ್ನೇ ಮೊದಲು ನೋಡೋಣ. ಅಮೆರಿಕದಲ್ಲಿ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳ ಮೂಲ ಸಂಖ್ಯೆ 1,40,000. ಇದು 1990ರ ಕಾನೂನಿನಲ್ಲಿ ಗೊತ್ತುಮಾಡಿದ ಅಂಕಿ. ಹೆಂಡತಿ ಮಕ್ಕಳೂ ಇದರೊಳಗೇ ಸೇರಿದ್ದಾರೆ. ಇದರಲ್ಲಿ ಎರಡು ವರ್ಷದ ತರಬೇತಿಯೂ ಬೇಡದ ಕೆಲಸಗಳಿಗೆ, ಅಂದರೆ ತೋಟದ ಕೆಲಸ, ಕಟ್ಟಡದ ಕೂಲಿ, ಹೋಟೆಲ್ ಕೋಣೆ ಶುಚಿ ಮಾಡುವುದು, ಕೋಳಿ ಕತ್ತರಿಸುವ ಕಾರ್ಖಾನೆಯ ಕೆಲಸ ಮುಂತಾದವುಗಳಿಗೆ, ಮೀಸಲಿಟ್ಟಿರುವುದು ಹೆಚ್ಚೆಂದರೆ 10,000. ಇಡೀ ಪ್ರಪಂಚಕ್ಕೆ, ಎಲ್ಲ ಬಗೆಯ ಕೂಲಿಗೆ ಸೇರಿ, ವರ್ಷಕ್ಕೆ ಹತ್ತು ಸಾವಿರ. ಮೆಕ್ಸಿಕೊದ ಒಹಾಕಾದ ರೈತನೊಬ್ಬ ನಿಯಮದಂತೆಯೇ ಹೋಗುತ್ತೇನೆಂದು ಹಟ ಹಿಡಿದರೂ ಅವನು ಅರ್ಜಿ ಹಾಕಲು ಒಂದು ಕಿಟಕಿ ಇಲ್ಲ. ಅಣ್ಣನೋ ಅಕ್ಕನೋ ಅಮೆರಿಕದ ಪ್ರಜೆಯಾಗಿದ್ದರೆ ಅವರ ಮೂಲಕ ಹಾಕಬಹುದು; ಆ ಸಾಲಿನಲ್ಲಿ ಮೆಕ್ಸಿಕೊದವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಬೆಳೆಯ ಹಂಗಾಮಿಗೆ ಬಂದುಹೋಗುವ ಎಚ್-2ಎ ಎಂಬ ತಾತ್ಕಾಲಿಕ ವೀಸಾ ಒಂದಿದೆ. ಅದಕ್ಕೆ ಸಂಖ್ಯೆಯ ಮಿತಿಯಿಲ್ಲ, ಈಚಿನ ವರ್ಷಗಳಲ್ಲಿ ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಕೆಲಸಗಳಿಗೆ ಮಂಜೂರಾತಿ ಸಿಗುತ್ತಿದೆ. ಆದರೆ ಕೆಲಸಗಾರ ಕರೆಸಿಕೊಂಡ ಮಾಲೀಕನಲ್ಲೇ ದುಡಿಯಬೇಕು, ಹಂಗಾಮು ಮುಗಿದರೆ ಹೊರಡಬೇಕು, ಎಷ್ಟು ವರ್ಷ ಬಂದುಹೋದರೂ ಅದರಿಂದ ಗ್ರೀನ್ ಕಾರ್ಡ್ ಹುಟ್ಟುವುದಿಲ್ಲ. ಹಸು ವರ್ಷವಿಡೀ ಹಾಲು ಕೊಡುವುದರಿಂದ ಹೈನುಗಾರಿಕೆ ಹಂಗಾಮಿನ ಕೆಲಸವಲ್ಲ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಡೇರಿಗಳಿಗೆ ಈ ವೀಸಾವೂ ಸಿಗದು.

ಇನ್ನೊಂದು ಕಡೆ ಬೇಡಿಕೆ ಎಷ್ಟಿದೆಯೆಂದರೆ, ಅಮೆರಿಕದ ಕೃಷಿ ಕಾರ್ಮಿಕರ ಬಗ್ಗೆ ಅಲ್ಲಿನ ಕಾರ್ಮಿಕ ಇಲಾಖೆಯೇ ನಡೆಸುವ ಸಮೀಕ್ಷೆಯ ಪ್ರಕಾರ ಬೆಳೆ ಕೆಲಸದ ಆಳುಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಜನರಿಗೆ ಕೆಲಸ ಮಾಡುವ ಅನುಮತಿಯೇ ಇಲ್ಲ. ಹತ್ತರಲ್ಲಿ ನಾಲ್ವರು ಕಾನೂನಿನ ಹೊರಗಿರುವ ಕಸುಬನ್ನು ಅಪವಾದ ಎನ್ನಲಾಗದು. ಅದೊಂದು ವ್ಯವಸ್ಥೆ, ಅದಕ್ಕೆ ವಯಸ್ಸೂ ಆಗಿದೆ.

ಆ ವಯಸ್ಸಿನ ವಿಷಯಕ್ಕೆ ಬರುತ್ತೇನೆ. 1924ರಲ್ಲಿ ಅಮೆರಿಕ ದೇಶವಾರು ಕೋಟಾ ತಂದಾಗ ಮೆಕ್ಸಿಕೊ, ಕೆನಡಾ ಸೇರಿದಂತೆ ಪಶ್ಚಿಮಾರ್ಧ ಗೋಳದ ದೇಶಗಳನ್ನು ಅದರಿಂದ ಹೊರಗಿಟ್ಟಿತು. ತೋಟದವರಿಗೂ ರೈಲ್ವೆಯವರಿಗೂ ಆಳು ಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ, 1942ರಲ್ಲಿ, ಮೆಕ್ಸಿಕೊ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ‘ಬ್ರಸೇರೊ’ ಯೋಜನೆಯನ್ನು ಆರಂಭಿಸಿದರು. ಸ್ಪ್ಯಾನಿಷ್‌ನಲ್ಲಿ ಬ್ರಾಸೊ ಎಂದರೆ ತೋಳು. ರಟ್ಟೆ ಬಲದ ಮೇಲೆ ದುಡಿಯುವವನು ಬ್ರಸೇರೊ. ಯುದ್ಧ ಮುಗಿದರೂ ಯೋಜನೆ ಮುಗಿಯಲಿಲ್ಲ. 1964ರಲ್ಲಿ ಅದು ನಿಲ್ಲುವ ಹೊತ್ತಿಗೆ ಸುಮಾರು 46 ಲಕ್ಷ ಗುತ್ತಿಗೆಗಳು ಆಗಿದ್ದವು. ನಿಲ್ಲಿಸಿದ ಕಾರಣ ಒಳ್ಳೆಯದೇ: ಆ ಆಳುಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿ ಹೇಯವಾಗಿತ್ತು, ಸ್ಥಳೀಯ ಕೃಷಿ ಕಾರ್ಮಿಕರ ಕೂಲಿಯನ್ನು ಅದು ಕುಗ್ಗಿಸುತ್ತದೆಂದು ಸಂಘಟನೆಗಳು ಹೋರಾಡಿದ್ದವು. ಮರುವರ್ಷ, 1965ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಏಷ್ಯಾದವರನ್ನು ಹೊರಗಿಡುತ್ತಿದ್ದ ಜನಾಂಗೀಯ ಕೋಟಾವನ್ನು ತೆಗೆದುಹಾಕಿದ್ದು ಆ ಕಾನೂನೇ. ಕರ್ನಾಟಕದಿಂದ ವೈದ್ಯರು, ಎಂಜಿನಿಯರರು ಅಲ್ಲಿಗೆ ಹೋಗಲು ದಾರಿಯಾದದ್ದೂ ಅದರಿಂದ. ಅದೇ ಕಾನೂನು ಪಶ್ಚಿಮಾರ್ಧ ಗೋಳಕ್ಕೆ ಮೊಟ್ಟಮೊದಲ ಬಾರಿಗೆ ವರ್ಷಕ್ಕೆ 1,20,000ದ ಮಿತಿಯನ್ನು ಹಾಕಿತು. 1976ರ ತಿದ್ದುಪಡಿ ಅದರೊಳಗೆ ದೇಶವೊಂದಕ್ಕೆ 20,000ದ ಮಿತಿಯನ್ನೂ ಸೇರಿಸಿತು. ನಮಗೆ ಬಾಗಿಲು ತೆರೆದ ಕಾನೂನೇ ಅವರಿಗೆ ಬಾಗಿಲು ಹಾಕಿತೆಂಬ ಮಾತು ನಮ್ಮವರ ಕೂಟಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಇಷ್ಟಾದರೂ ಹೊಲ ಇದ್ದಲ್ಲೇ ಇತ್ತು, ಬೆಳೆ ಬರುತ್ತಲೇ ಇತ್ತು, ವರ್ಷವರ್ಷ ಬಂದು ರೂಢಿಯಾದ ಆಳು ಬರುತ್ತಲೇ ಇದ್ದ. ಕಾಗದವೊಂದು ಮಾತ್ರ ಇರಲಿಲ್ಲ. ಕಾಗದವಿಲ್ಲದವನನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗಾದರೋ ಯಾವ ಭಯವೂ ಇರಲಿಲ್ಲ. 1952ರ ಕಾನೂನಿನಲ್ಲಿ ಅಕ್ರಮ ವಲಸಿಗನಿಗೆ ಆಶ್ರಯ ಕೊಡುವುದು ಅಪರಾಧವೆಂದು ಬರೆದು, ಕೆಲಸ ಕೊಡುವುದನ್ನು ಆಶ್ರಯ ಎಂದು ಎಣಿಸತಕ್ಕದ್ದಲ್ಲ ಎಂದು ಅದರ ಬೆನ್ನಿಗೇ ಸೇರಿಸಿದ್ದರು. ಟೆಕ್ಸಾಸ್‌ನ ಜಮೀನುದಾರರ ಒತ್ತಡದಿಂದ ಬಂದದ್ದರಿಂದ ಅದಕ್ಕೆ ‘ಟೆಕ್ಸಾಸ್ ವಿನಾಯಿತಿ’ ಎಂದೇ ಹೆಸರು ನಿಂತಿತು. ರಾತ್ರಿ ಮಲಗಲು ಜಾಗ ಕೊಟ್ಟರೆ ಜೈಲು, ಹಗಲು ದುಡಿಸಿಕೊಂಡರೆ ಏನೂ ಇಲ್ಲ!

ಇಲ್ಲಿಂದ 1986ಕ್ಕೆ ಬರಬೇಕು. ಈಗ ನಡೆಯುತ್ತಿರುವ ಜಗಳದ ಎರಡೂ ಪಕ್ಷಗಳು ಆ ವರ್ಷದ ನೆನಪಿನಿಂದಲೇ ಮಾತನಾಡುತ್ತವೆ. ಆ ವರ್ಷ ನವೆಂಬರ್ 6ರಂದು ರೇಗನ್ ಸಹಿ ಹಾಕಿದ ಕಾನೂನನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ: ಅದು ಅಕ್ರಮ–ಸಕ್ರಮ. 1982ರ ಜನವರಿ 1ಕ್ಕೆ ಮೊದಲಿನಿಂದ ದೇಶದಲ್ಲಿದ್ದವರಿಗೆ, ಮತ್ತು ಹಿಂದಿನ ಒಂದು ವರ್ಷದಲ್ಲಿ ತೊಂಬತ್ತು ದಿನ ಹೊಲದಲ್ಲಿ ದುಡಿದಿದ್ದೇವೆಂದು ತೋರಿಸಿದವರಿಗೆ, ಕಾಯಂ ವಾಸದ ಹಕ್ಕು ಕೊಟ್ಟರು. ಸುಮಾರು 27 ಲಕ್ಷ ಜನ ಸಕ್ರಮವಾದರು. ಅದಕ್ಕೆ ಪ್ರತಿಯಾಗಿ, ಇನ್ನು ಮುಂದೆ ಕಾಗದವಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡರೆ ಮಾಲೀಕನಿಗೆ ದಂಡ ಎಂದು ಮೊದಲ ಬಾರಿಗೆ ವಿಧಿಸಿದರು. ನಮ್ಮಲ್ಲಿ ಬಗರ್ ಹುಕುಂ ಸಾಗುವಳಿಗೆ ನಮೂನೆ 50 ಬಂತು, ಅದರಲ್ಲಿ ಬಿಟ್ಟುಹೋದವರಿಗೆ ನಮೂನೆ 53, ಆಮೇಲೆ ನಮೂನೆ 57. ಪ್ರತಿ ಸಲವೂ ‘ಇದೇ ಕೊನೆ’ ಎನ್ನುವುದು, ಪ್ರತಿ ಸಲವೂ ಭೂಮಿ ಉಳುತ್ತಿರುವವನನ್ನು ಎಬ್ಬಿಸಲಾಗದೆ ದಿನಾಂಕವನ್ನು ಮುಂದೂಡುವುದು. ಇದನ್ನು ಕಂಡವರಿಗೆ ಅಮೆರಿಕದ ವಾದ–ಪ್ರತಿವಾದಗಳು ಹೊಸವೆನ್ನಿಸಲಾರವು. ಮೂವತ್ತು ವರ್ಷ ಉತ್ತು ಬಿತ್ತಿದವನನ್ನು ಒಕ್ಕಲೆಬ್ಬಿಸುವುದು ನ್ಯಾಯವೇ ಎಂದು ಒಬ್ಬರು. ಸಕ್ರಮದ ಆಸೆಯೇ ಹೊಸ ಒತ್ತುವರಿಗೆ ದಾರಿ ಎಂದು ಇನ್ನೊಬ್ಬರು. ಎರಡರಲ್ಲೂ ಸತ್ಯವಿದೆ. ಅಮೆರಿಕದಲ್ಲೂ ಬಹಳ ಕಾಲದಿಂದ ನೆಲೆಸಿದವರನ್ನು ಸಕ್ರಮ ಮಾಡುವ ‘ರಿಜಿಸ್ಟ್ರಿ’ ಎಂಬ ನಿಯಮ 1929ರಿಂದಲೇ ಇದೆ. ಅದರ ಗಡುವು ಮೊದಲು 1921 ಇದ್ದದ್ದು 1924 ಆಯಿತು, 1940 ಆಯಿತು, 1948 ಆಯಿತು, ಕೊನೆಗೆ 1986ರಲ್ಲಿ 1972ರ ಜನವರಿ 1 ಆಯಿತು. ಅಲ್ಲಿಗೆ ನಿಂತದ್ದು ನಿಂತೇ ಇದೆ. ನಾಲ್ಕು ಸಲ ಸದ್ದಿಲ್ಲದೆ ಸರಿದ ಗಡುವು ಇಂದು ಒಂದು ದಿನವೂ ಸರಿಯಲಾರದೆಂಬುದೇ ಈ ಚರ್ಚೆ ಎಷ್ಟು ಕಹಿಯಾಗಿದೆ ಎಂಬುದಕ್ಕೆ ಅಳತೆ.

1986ರ ಚೌಕಾಸಿ ಕೆಟ್ಟದ್ದು ಒಂದು ಫಾರಂನ ಮೇಜಿನ ಮೇಲೆ. ಐ-9 ಎಂಬ ಆ ಫಾರಂ ನಿಮ್ಮ ಮಗನಿಗೂ ಗೊತ್ತಿರುತ್ತದೆ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ತುಂಬಬೇಕು. ಕೋಳಿ ಕಾರ್ಖಾನೆಗೆ ಒಬ್ಬ ಹೆಂಗಸು ಬರುತ್ತಾಳೆ ಎಂದಿಟ್ಟುಕೊಳ್ಳಿ. ಗುಮಾಸ್ತನ ಮುಂದೆ ಒಂದು ಗುರುತಿನ ಚೀಟಿ, ಸರ್ಕಾರಿ ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಯ ನಂಬರಿರುವ ಒಂದು ಕಾರ್ಡ್ ಇಡುತ್ತಾಳೆ. ಕಾನೂನು ಅವನಿಂದ ಬಯಸುವುದು ಆ ಕಾಗದಗಳು ‘ಮೇಲ್ನೋಟಕ್ಕೆ ನಿಜವೆನ್ನಿಸುತ್ತವೆ’ ಎಂಬಷ್ಟನ್ನೇ. ನಿಜವೇ ಎಂದು ಕೆದಕಿ ಹೆಚ್ಚಿನ ಕಾಗದ ಕೇಳಿದರೆ ತಾರತಮ್ಯದ ಮೊಕದ್ದಮೆ. ಅದೂ ಅದೇ ಕಾನೂನಿನಲ್ಲೇ ಇದೆ, ಮತ್ತು ಅದಕ್ಕೆ ಸಕಾರಣವೂ ಇದೆ. ‘ಗೊತ್ತಿದ್ದೂ’ ಕೆಲಸಕ್ಕಿಟ್ಟುಕೊಂಡರೆ ಮಾತ್ರ ದಂಡ. ಆದ್ದರಿಂದ ಗೊತ್ತಾಗದಂತಿರುವುದು ಲಾಭದಾಯಕವಾಯಿತು. ನಕಲಿ ಕಾಗದದ ವ್ಯಾಪಾರ ಬೆಳೆಯಿತು. ಇನ್ನೂ ಜಾಣರು ಆಳುಗಳನ್ನು ತಾವು ನೇಮಿಸಿಕೊಳ್ಳದೆ ಮೇಸ್ತ್ರಿಯ ಮೂಲಕ ತರಿಸಿಕೊಂಡು, ಹೊಣೆಯನ್ನು ಅವನ ಹೆಗಲಿಗೆ ಹಾಕಿದರು.

ಆ ಹೆಂಗಸಿನ ಸಂಬಳದ ಚೀಟಿಯನ್ನೂ ಒಮ್ಮೆ ನೋಡಿ. ವಾರಕ್ಕೆ 600 ಡಾಲರ್ ದುಡಿದರೆ ಸೋಷಿಯಲ್ ಸೆಕ್ಯುರಿಟಿಗೆ 37 ಡಾಲರ್ 20 ಸೆಂಟ್, ಮುದುಕರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 8 ಡಾಲರ್ 70 ಸೆಂಟ್ ಕಡಿತವಾಗುತ್ತದೆ. ಮಾಲೀಕನೂ ಅಷ್ಟೇ ಸೇರಿಸಿ ಸರ್ಕಾರಕ್ಕೆ ಕಟ್ಟುತ್ತಾನೆ. ಹೆಸರಿಗೂ ನಂಬರಿಗೂ ತಾಳೆಯಾಗದ ಆ ಗಳಿಕೆಯ ಲೆಕ್ಕ ಒಂದು ಅಮಾನತು ಕಡತದಲ್ಲಿ ಕುಳಿತುಕೊಳ್ಳುತ್ತದೆ. ಮುಪ್ಪಿನಲ್ಲಿ ಆಕೆಗೆ ಪಿಂಚಣಿ ಬರುವುದಿಲ್ಲ, ಹಣ ಮಾತ್ರ ಅಮೆರಿಕದ ಮುದುಕರ ಪಿಂಚಣಿಗೆ ಹೋಗುತ್ತದೆ. 2010ರಲ್ಲಿ ಹೀಗೆ ನಿಧಿಗೆ ನಿವ್ವಳವಾಗಿ ಸೇರಿದ್ದು ಸುಮಾರು 1,200 ಕೋಟಿ ಡಾಲರ್ ಎಂದು ಸೋಷಿಯಲ್ ಸೆಕ್ಯುರಿಟಿ ಸಂಸ್ಥೆಯ ಮುಖ್ಯ ವಿಮಾಗಣಕರೇ ಅಂದಾಜು ಮಾಡಿದ್ದರು. ‘ತೆರಿಗೆ ಕಟ್ಟಿ ಕಾಯುತ್ತಿದ್ದಾನೆ’ ಎಂದು ನೀವು ಮಗನ ಬಗ್ಗೆ ಬರೆದದ್ದು ಸರಿ. ಕಟ್ಟುವವನು ಅವನೊಬ್ಬನೇ ಅಲ್ಲವೆಂದಷ್ಟೇ ನನ್ನ ಮಾತು.

ಗಡಿಯನ್ನು ಬಿಗಿ ಮಾಡಿದ್ದರೆ ಆಗುತ್ತಿತ್ತಲ್ಲವೇ ಎಂದು ನೀವು ಕೇಳಬಹುದು. ಬಿಗಿ ಮಾಡಿದರು. 1993ರಲ್ಲಿ ಎಲ್ ಪಾಸೊದಲ್ಲಿ, 1994ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆರಂಭಿಸಿ, ನಾಲ್ಕು ಸಾವಿರದಷ್ಟಿದ್ದ ಗಡಿ ಪಹರೆಯವರನ್ನು ಎರಡು ದಶಕಗಳೊಳಗೆ ಇಪ್ಪತ್ತು ಸಾವಿರ ದಾಟಿಸಿದರು. ಊರಿನ ಹತ್ತಿರ ದಾಟುತ್ತಿದ್ದವರು ಅರಿಜೋನಾದ ಮರುಭೂಮಿಗೆ ಸರಿದರು; ಬಹಳ ಮಂದಿ ಬಾಯಾರಿ ಸತ್ತರು. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ದಶಕಗಳ ಕಾಲ ಮೆಕ್ಸಿಕೊದ ಹಳ್ಳಿಗಳಲ್ಲಿ ಮಾಹಿತಿ ಕಲೆಹಾಕಿ ತೋರಿಸಿದ್ದು ಇನ್ನೂ ವಿಚಿತ್ರವಾದ ಸಂಗತಿ. ಅದುವರೆಗೆ ಸುಗ್ಗಿಗೆ ಬಂದು ಹಬ್ಬಕ್ಕೆ ಊರಿಗೆ ಹೋಗುತ್ತಿದ್ದ ಗಂಡಸು, ದಾಟುವುದು ದುಬಾರಿಯೂ ಅಪಾಯವೂ ಆದಮೇಲೆ, ಹೋಗುವುದನ್ನೇ ಬಿಟ್ಟು ಹೆಂಡತಿ ಮಕ್ಕಳನ್ನು ಅಲ್ಲಿಗೇ ಕರೆಸಿಕೊಂಡ. ಬೇಲಿ ಒಳಬರುವವರನ್ನು ತಡೆದದ್ದಕ್ಕಿಂತ ಹೊರಹೋಗುವವರನ್ನು ತಡೆದದ್ದು ಹೆಚ್ಚು. ಇದರ ಮೇಲೆ 1996ರ ಕಾನೂನು ಇನ್ನೊಂದು ಚಿಲಕ ಹಾಕಿತು: ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಅಕ್ರಮವಾಗಿದ್ದವನು ದೇಶ ಬಿಟ್ಟರೆ ಹತ್ತು ವರ್ಷ ಮರಳುವಂತಿಲ್ಲ. ಗಡಿ ದಾಟಿ ಬಂದವನು ಅಮೆರಿಕದ ಪ್ರಜೆಯನ್ನೇ ಮದುವೆಯಾದರೂ ವೀಸಾ ಪಡೆಯಲು ಸಾಮಾನ್ಯವಾಗಿ ತಾಯ್ನಾಡಿಗೆ ಹೋಗಬೇಕು. ಹೋದ ಗಳಿಗೆಯಲ್ಲೇ ಹತ್ತು ವರ್ಷದ ನಿಷೇಧ. ಕೆಲವರಿಗೆ ಮಾಫಿ ಸಿಗುತ್ತದೆ, ಉಳಿದವರು ಅಲ್ಲಾಡದೆ ಕೂತರು. 1990ರಲ್ಲಿ ಸುಮಾರು 35 ಲಕ್ಷವಿದ್ದ ದಾಖಲೆರಹಿತರ ಸಂಖ್ಯೆ 2007ಕ್ಕೆ 1 ಕೋಟಿ 22 ಲಕ್ಷವಾಯಿತು; ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ 2023ರಲ್ಲಿ 1 ಕೋಟಿ 40 ಲಕ್ಷ.

ಹಾಗಾದರೆ ಒಳಗಿರುವವರನ್ನು ಹಿಡಿದು ಕಳುಹಿಸುವುದು? ಅದರ ಅನುಭವವೂ ಆಗಿದೆ. ಐಯೋವಾ ರಾಜ್ಯದಲ್ಲಿ ಪೋಸ್ಟ್‌ವಿಲ್ ಎಂಬ ಊರಿದೆ, ಎರಡು ಸಾವಿರ ಚಿಲ್ಲರೆ ಜನಸಂಖ್ಯೆ, ಊರಿಗೆಲ್ಲ ಆಧಾರ ಒಂದು ಮಾಂಸದ ಕಾರ್ಖಾನೆ. 2008ರ ಮೇ 12ರ ಬೆಳಗ್ಗೆ ಹೆಲಿಕಾಪ್ಟರ್ ಸಮೇತ ಬಂದ ಅಧಿಕಾರಿಗಳು 389 ಜನರನ್ನು ಹಿಡಿದರು. ಬಹುತೇಕರು ಗ್ವಾಟೆಮಾಲದ ಹಳ್ಳಿಯವರು. ಅವರನ್ನು ವಾಟರ್‌ಲೂ ಎಂಬ ಊರಿನ ದನದ ಜಾತ್ರೆಯ ಮೈದಾನಕ್ಕೆ ಒಯ್ದು, ಅಲ್ಲೇ ತಾತ್ಕಾಲಿಕ ನ್ಯಾಯಾಲಯ ಹೂಡಿ, ಹತ್ತು ಹತ್ತು ಜನರನ್ನು ಒಟ್ಟಿಗೆ ನಿಲ್ಲಿಸಿ ಶಿಕ್ಷೆ ವಿಧಿಸಿದರು. ಬೇರೊಬ್ಬರ ಗುರುತು ಕದ್ದ ಗಂಭೀರ ಆರೋಪದ ಬೆದರಿಕೆಯಡಿ ಹೆಚ್ಚಿನವರು ಸಣ್ಣ ತಪ್ಪನ್ನು ಒಪ್ಪಿಕೊಂಡು ಐದು ತಿಂಗಳು ಜೈಲಿನಲ್ಲಿದ್ದು ಗಡೀಪಾರಾದರು. ನಕಲಿ ಕಾಗದದಲ್ಲಿರುವ ನಂಬರು ಬೇರೊಬ್ಬ ನಿಜವಾದ ವ್ಯಕ್ತಿಯದೆಂದು ಆರೋಪಿಗೆ ಗೊತ್ತಿದ್ದರೆ ಮಾತ್ರ ಆ ಗಂಭೀರ ಅಪರಾಧ ನಿಲ್ಲುತ್ತದೆಂದು ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಸರ್ವಾನುಮತದಿಂದ ಹೇಳಿದ್ದು ಮರುವರ್ಷ, 2009ರಲ್ಲಿ. ಅಷ್ಟರಲ್ಲಿ ಅವರು ಊರು ಸೇರಿದ್ದರು. ಕಾರ್ಖಾನೆಯ ಮುಖ್ಯಸ್ಥ ಬ್ಯಾಂಕಿಗೆ ವಂಚಿಸಿದ ಆರೋಪದಲ್ಲಿ ಜೈಲಿಗೆ ಹೋದ. ಅವನ ಮೇಲಿದ್ದ ವಲಸೆ ಸಂಬಂಧಿ ಆರೋಪಗಳನ್ನು ಮಾತ್ರ ಆಮೇಲೆ ಕೈಬಿಡಲಾಯಿತು. ಕಾರ್ಖಾನೆ ದಿವಾಳಿಯಾಯಿತು, ಊರಿನ ಅಂಗಡಿಗಳು ಮುಚ್ಚಿದವು.

ಕೂಲಿಯ ಪ್ರಶ್ನೆಯನ್ನು ಬಿಡುವಂತಿಲ್ಲ, ಏಕೆಂದರೆ ವಲಸೆ ಬೇಡವೆನ್ನುವವರೆಲ್ಲ ದ್ವೇಷದಿಂದಲೇ ಹೇಳುತ್ತಾರೆಂಬುದು ಅನ್ಯಾಯದ ಮಾತು. ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ಸ್ವತಃ ಮೆಕ್ಸಿಕೊ ಮೂಲದವರು. ಆದರೂ ಮುಷ್ಕರ ಮುರಿಯಲು ಜಮೀನುದಾರರು ತರುತ್ತಿದ್ದ ಕಾಗದವಿಲ್ಲದ ಆಳುಗಳನ್ನು 1970ರ ದಶಕದಲ್ಲಿ ಅವರು ಕಟುವಾಗಿ ವಿರೋಧಿಸಿದರು, ಅವರ ಸಂಘಟನೆ ವಲಸೆ ಇಲಾಖೆಗೆ ದೂರನ್ನೂ ಕೊಟ್ಟಿತು. ಅರ್ಥಶಾಸ್ತ್ರಜ್ಞರಲ್ಲಿ ಈ ಜಗಳ ಮಯಾಮಿ ನಗರದ ಸುತ್ತ ನಡೆದಿದೆ. 1980ರಲ್ಲಿ ಕ್ಯೂಬಾದ ಮರಿಯಲ್ ಬಂದರಿನಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ದೋಣಿಯೇರಿ ಬಂದಿಳಿದರು, ಮಯಾಮಿಯ ದುಡಿಮೆಗಾರರ ಸಂಖ್ಯೆ ನೂರಕ್ಕೆ ಏಳರಷ್ಟು ಒಮ್ಮೆಲೇ ಏರಿತು. ಸ್ಥಳೀಯರ ಕೂಲಿ ಇಳಿದ ಗುರುತು ಕಾಣುವುದಿಲ್ಲವೆಂದು ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. ಹೈಸ್ಕೂಲು ಮುಗಿಸದ ಗಂಡಸರನ್ನೇ ಬೇರೆಯಾಗಿ ನೋಡಿದರೆ ಇಳಿತ ದೊಡ್ಡದಿದೆ ಎಂದು ಕಾಲು ಶತಮಾನದ ಮೇಲೆ ಜಾರ್ಜ್ ಬೋರ್ಹಾಸ್ ವಾದಿಸಿದರು. ಇವರು ಸ್ವತಃ ಕ್ಯೂಬಾದಿಂದ ಬಂದವರು. ಅಮೆರಿಕದ ವಿಜ್ಞಾನ ಅಕಾಡೆಮಿಗಳ 2016ರ ವರದಿ ಎರಡನ್ನೂ ತೂಗಿ, ದೀರ್ಘಾವಧಿಯಲ್ಲಿ ಒಟ್ಟಾರೆ ಕೂಲಿಯ ಮೇಲಿನ ಪರಿಣಾಮ ಅತ್ಯಲ್ಪ; ಇಳಿತವಾಗುವಲ್ಲಿ ಅದು ಬಡಿಯುವುದು ಹಿಂದೆ ಬಂದ ವಲಸಿಗರಿಗೂ ಹೈಸ್ಕೂಲು ಮುಗಿಸದವರಿಗೂ ಎಂದು ಹೇಳಿತು. ಬ್ರಸೇರೊ ನಿಂತಮೇಲೆ ಏನಾಯಿತೆಂಬುದು ನನಗೆ ಇವೆಲ್ಲಕ್ಕಿಂತ ಕುತೂಹಲಕರ. ಆಳು ಹೋದರೆ ಸ್ಥಳೀಯರ ಕೂಲಿ ಏರಬೇಕಿತ್ತಷ್ಟೇ. ಅದರ ಬದಲು ಕ್ಯಾಲಿಫೋರ್ನಿಯಾದ ಬೆಳೆಗಾರರು ಟೊಮ್ಯಾಟೊ ಕೀಳುವ ಯಂತ್ರ ಕೊಂಡರು. ಯಂತ್ರದ ಹೊಡೆತ ತಾಳುವ ಗಟ್ಟಿ ಸಿಪ್ಪೆಯ ತಳಿಯನ್ನು ಡೇವಿಸ್‌ನ ವಿಶ್ವವಿದ್ಯಾಲಯ ಆಗಲೇ ಸಿದ್ಧಮಾಡಿಟ್ಟಿತ್ತು.

ನನ್ನ ಎಣಿಕೆಯಲ್ಲಿ ಕೂಲಿ ಇಳಿಯುವುದು ವಲಸಿಗ ಬಂದದ್ದರಿಂದಲ್ಲ, ಅವನು ದೂರು ಕೊಡಲಾರದವನಾಗಿ ಬಂದದ್ದರಿಂದ. ಸಂಘ ಕಟ್ಟಲು ಹೋದ ಕಾರ್ಮಿಕನನ್ನು ಅಕ್ರಮವಾಗಿ ಕೆಲಸದಿಂದ ತೆಗೆದರೂ, ಅವನು ದಾಖಲೆರಹಿತನಾದರೆ ಕಳೆದುಕೊಂಡ ಸಂಬಳ ಕೊಡಬೇಕಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು. ಮಾಲೀಕ ಕಾನೂನು ಮುರಿದರೆ ಖರ್ಚು ಕಡಿಮೆ ಎಂದಮೇಲೆ ಪಕ್ಕದಲ್ಲಿ ನಿಂತು ದುಡಿಯುವ ಪ್ರಜೆಯ ಕೂಲಿಯೂ ಇಳಿಯದೆ ಇರದು. ಅಮೆರಿಕದ ಕಾರ್ಮಿಕ ಮಹಾಒಕ್ಕೂಟ ತನ್ನ ಹಳೆಯ ನಿಲುವನ್ನು ಬಿಟ್ಟು 2000ದ ಫೆಬ್ರುವರಿಯಲ್ಲಿ ಸಕ್ರಮದ ಪರ ನಿಂತದ್ದು ಈ ಲೆಕ್ಕದ ಮೇಲೆಯೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಪ್ರಯತ್ನಕ್ಕೆ ಕೊರತೆಯಾಗಿಲ್ಲ. 2006ರಲ್ಲಿ ಸೆನೆಟ್ 62–36ರಿಂದ ಒಂದು ಮಸೂದೆ ಒಪ್ಪಿತು, ಕೆಳಸದನ ಒಪ್ಪಲಿಲ್ಲ. 2007ರಲ್ಲಿ ಬುಷ್ ಬೆಂಬಲಿಸಿದ ಮಸೂದೆಗೆ 60 ಮತ ಬೇಕಿದ್ದಾಗ 46 ಬಿದ್ದವು. 2013ರ ಜೂನ್ 27ರಂದು ಸೆನೆಟ್ 68–32ರಿಂದ ಅಂಗೀಕರಿಸಿದ ಮಸೂದೆ ಇವೆಲ್ಲಕ್ಕಿಂತ ಗಟ್ಟಿಯಾಗಿತ್ತು. ಎರಡೂ ಪಕ್ಷಗಳ ಎಂಟು ಸೆನೆಟರುಗಳು ಕೂತು ಬರೆದದ್ದು. ದಾಖಲೆರಹಿತರಿಗೆ ದಂಡ, ತೆರಿಗೆ, ಹದಿಮೂರು ವರ್ಷದ ಕಾಯುವಿಕೆಯ ನಂತರ ಪೌರತ್ವ. ಗಡಿಗೆ ಇನ್ನೂ ಇಪ್ಪತ್ತು ಸಾವಿರ ಪಹರೆಯವರು. ಎಲ್ಲ ಮಾಲೀಕರಿಗೂ ಕಂಪ್ಯೂಟರಿನಲ್ಲಿ ಕಾಗದ ಪರೀಕ್ಷೆ ಕಡ್ಡಾಯ. ನೀವು ಗಮನಿಸಬೇಕಾದ ಅಂಶವೊಂದು ಅದರೊಳಗಿತ್ತು: ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ನಲ್ಲಿ ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚಿಲ್ಲವೆಂಬ ಮಿತಿಯನ್ನು ಅದು ತೆಗೆದುಹಾಕುತ್ತಿತ್ತು. ನಿಮ್ಮ ಮಗನನ್ನು ತಡೆದು ನಿಲ್ಲಿಸಿರುವುದು ಆ ಏಳೇ. 1,40,000ದಲ್ಲಿ ನೂರಕ್ಕೆ ಏಳೆಂದರೆ 9,800. ಬೇರೆಯವರು ಬಳಸದೆ ಉಳಿದದ್ದು ಒಂದಿಷ್ಟು ಸೇರಬಹುದು. ಕುಟುಂಬದವರೂ ಸೇರಿ ಕಾಯುತ್ತಿರುವ ಭಾರತೀಯರು ಹತ್ತು ಲಕ್ಷದ ಆಸುಪಾಸು. 2025ರ ಉದ್ದಕ್ಕೂ, ಉನ್ನತ ಪದವಿ ಪಡೆದವರ ಇಬಿ-2 ವಿಭಾಗದಲ್ಲಿ ಭಾರತೀಯರ ಸರದಿ 2012–13ರ ದಿನಾಂಕಗಳಲ್ಲೇ ತೆವಳುತ್ತಿತ್ತು.

ಆ ಮಸೂದೆಯನ್ನು ಕೆಳಸದನದ ಸ್ಪೀಕರ್, ರಿಪಬ್ಲಿಕನ್ ಪಕ್ಷದ ಜಾನ್ ಬೇನರ್ ಮತಕ್ಕೇ ಹಾಕಲಿಲ್ಲ. ಹಾಕಿದ್ದರೆ ಡೆಮಾಕ್ರಾಟರೂ ಕೆಲವು ರಿಪಬ್ಲಿಕನ್ನರೂ ಸೇರಿ ಪಾಸಾಗುತ್ತಿತ್ತೆಂಬುದು ಅನೇಕರ ಲೆಕ್ಕ. ಸ್ವಪಕ್ಷದ ಬಹುಮತವಿಲ್ಲದ ಮಸೂದೆಯನ್ನು ತರಬಾರದೆಂಬ ಅಲಿಖಿತ ನಿಯಮ ಅಡ್ಡ ಬಂತು. 2014ರ ಜೂನ್‌ನಲ್ಲಿ ಅದೇ ಸದನದ ಬಹುಮತ ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದ ಪಕ್ಷದೊಳಗಿನ ಚುನಾವಣೆಯಲ್ಲಿ ಒಬ್ಬ ಕಾಲೇಜು ಮೇಷ್ಟ್ರ ಎದುರು ಸೋತರು. ವಲಸೆಯ ವಿಷಯದಲ್ಲಿ ಮೆದುವೆಂದು ಅವರ ಮೇಲೆ ಮುಖ್ಯ ದೂರು. ಅಂದಿನಿಂದ ರಿಪಬ್ಲಿಕನ್ ಪಕ್ಷದ ಸದಸ್ಯರಿಗೆ ನವೆಂಬರಿನ ಚುನಾವಣೆಗಿಂತ ಪಕ್ಷದೊಳಗಿನ ಈ ಚುನಾವಣೆಯ ಭಯವೇ ದೊಡ್ಡದಾಯಿತು. 1986ರಲ್ಲಿ ಸಕ್ರಮ ಮೊದಲು ಆಯಿತು, ಬಿಗಿ ಆಗಲೇ ಇಲ್ಲ, ಈ ಸಲ ಬಿಗಿ ಮೊದಲಾಗಲಿ ಎಂದು ಅವರು. ಬಿಗಿ ಮೂವತ್ತು ವರ್ಷದಿಂದ ಆಗುತ್ತಲೇ ಇದೆ, ಸಕ್ರಮ ಎಂದೂ ಬಂದಿಲ್ಲ ಎಂದು ಸಕ್ರಮದ ಪರ ನಿಂತವರು. 2024ರ ಫೆಬ್ರುವರಿಯಲ್ಲಿ ಬಹುಪಾಲು ಬಿಗಿಯನ್ನೇ ಕೊಡುವ ಮಸೂದೆಯೊಂದು ಸೆನೆಟ್‌ಗೆ ಬಂದಾಗಲೂ, ಚುನಾವಣೆಯ ವರ್ಷದಲ್ಲಿ ಅದು ಬೇಡವೆಂದು ಟ್ರಂಪ್ ಹೇಳಿದ ಮೇಲೆ 49–50ರಲ್ಲಿ ಬಿದ್ದುಹೋಯಿತು.

ನಮ್ಮವರ ಸಮಸ್ಯೆಯನ್ನು ಇದರಿಂದ ಬಿಡಿಸಿಕೊಳ್ಳುವ ಪ್ರಯತ್ನವೂ ನಡೆಯಿತು. ದೇಶವಾರು ಮಿತಿಯನ್ನಷ್ಟೇ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಸದನದಲ್ಲಿ 365–65ರಿಂದ ಗೆದ್ದಿತು. ಸೆನೆಟ್ 2020ರ ಕೊನೆಗೆ ಬೇರೆ ರೂಪದಲ್ಲಿ ಒಪ್ಪಿತು, ಎರಡನ್ನೂ ಹೊಂದಿಸುವ ಮೊದಲೇ ಅವಧಿ ಮುಗಿಯಿತು. ಒಟ್ಟು ಸಂಖ್ಯೆಯನ್ನು ಏರಿಸದೆ ಭಾರತೀಯರಿಗೆ ಹೆಚ್ಚು ಕೊಟ್ಟರೆ ಬೇರೆ ದೇಶಗಳವರು ಅಷ್ಟು ಹೆಚ್ಚು ಕಾಯಬೇಕಾಗುತ್ತದೆ; ಏರಿಸಬೇಕೆಂದರೆ ಮತ್ತೆ ಅದೇ ದೊಡ್ಡ ಜಗಳಕ್ಕೇ ಹೋಗಬೇಕು. ಹೀಗಾಗಿ 1990ರ ಅಂಕಿಗಳೇ ಇಂದಿಗೂ ನಡೆಯುತ್ತಿವೆ. ಟೊಮ್ಯಾಟೊ ಕೀಳುವವನಿಗೆ 10,000ದ ಬಾಗಿಲನ್ನೂ ನಿಮ್ಮ ಮಗನಿಗೆ 9,800ರ ಬಾಗಿಲನ್ನೂ ಇಟ್ಟದ್ದು ಒಂದೇ ಕಾನೂನು.

2025ರಲ್ಲಿ ಗಡೀಪಾರಿನ ಮಾತು ಕೃತಿಗಿಳಿದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಫೆಬ್ರುವರಿ 5ರಂದು ಅಮೃತಸರದಲ್ಲಿ ಇಳಿದ ಸೈನಿಕ ವಿಮಾನದಲ್ಲಿ ಕೋಳ ಹಾಕಿಸಿಕೊಂಡು ಬಂದ 104 ಜನ ನಮ್ಮ ದೇಶದವರೇ. ಬಹುಪಾಲು ಹರಿಯಾಣ, ಗುಜರಾತ್, ಪಂಜಾಬಿನವರು. ಜುಲೈ 4ರಂದು ಸಹಿಯಾದ ಕಾನೂನು ವಲಸೆ ನಿಯಂತ್ರಣಕ್ಕೆ ಸುಮಾರು 17,000 ಕೋಟಿ ಡಾಲರ್ ಕೊಟ್ಟಿತು. ಅದಕ್ಕೆ ಮೂರು ವಾರ ಮೊದಲು, ಜೂನ್‌ನಲ್ಲಿ, ಹೊಲಗಳಲ್ಲೂ ಹೋಟೆಲ್‌ಗಳಲ್ಲೂ ದಾಳಿ ನಿಲ್ಲಿಸಿ ಎಂದು ಅದೇ ಸರ್ಕಾರ ಆದೇಶಿಸಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ರೈತರು ಅಧ್ಯಕ್ಷರ ಬಳಿ ಗೋಳು ತೋಡಿಕೊಂಡಿದ್ದರು. ಹಣ್ಣು ಗಿಡದಲ್ಲೇ ಉದುರುವಾಗ ಆಳಿನ ಕಾಗದ ಯಾರು ಕೇಳುತ್ತಾರೆಂಬುದನ್ನು ನಿಮ್ಮ ಸಕಲೇಶಪುರದ ಕಾಫಿ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ.

ದಾಖಲೆರಹಿತ ಭಾರತೀಯರು ಎಷ್ಟೆಂಬುದರಲ್ಲಿ ಅಂದಾಜುಗಳೇ ಜಗಳವಾಡುತ್ತವೆ: ಪ್ಯೂ ಕೇಂದ್ರ 2021ಕ್ಕೆ 7,25,000 ಎಂದರೆ ಅಮೆರಿಕದ ಗೃಹಭದ್ರತಾ ಇಲಾಖೆ 2022ಕ್ಕೆ 2,20,000 ಎನ್ನುತ್ತದೆ. ಇವರಲ್ಲಿ ಗಡಿ ಹಾರಿದವರು ಒಂದು ಭಾಗ; ವೀಸಾ ಹಿಡಿದು ವಿಮಾನದಲ್ಲಿ ಬಂದು, ಅವಧಿ ಮುಗಿದ ಮೇಲೂ ಉಳಿದವರು ಇನ್ನೊಂದು ಭಾಗ. ಎಚ್-1ಬಿಯವರು ಕೆಲಸ ಕಳೆದುಕೊಂಡರೆ ಸಿಗುವ ಬಿಡುವು ಅರವತ್ತು ದಿನ. ಅರವತ್ತೊಂದನೆಯ ದಿನ, ಬೇರೆ ಕೆಲಸವೋ ಬೇರೆ ವೀಸಾ ಅರ್ಜಿಯೋ ಇಲ್ಲದಿದ್ದರೆ, ಮನೆ ಸಾಲ ಕಟ್ಟುತ್ತಿರುವ ಎಂಜಿನಿಯರನೂ ಟೊಮ್ಯಾಟೊ ಕೀಳುವವನ ಪಟ್ಟಿಗೇ ಸೇರುತ್ತಾನೆ. ನಡುವಿನ ಗೋಡೆ ನಾವು ತಿಳಿದಷ್ಟು ದಪ್ಪವಿಲ್ಲ.

ಕೊನೆಯದಾಗಿ ನಿಮ್ಮ ಮೊಮ್ಮಗಳ ವಿಷಯ. ನೀವು ಕೇಳಿಲ್ಲ, ಆದರೂ ತಡಮಾಡಬಾರದ ಸಂಗತಿ ಅದೇ. ಆಕೆ ತಂದೆಯ ವೀಸಾದ ಆಶ್ರಯದಲ್ಲಿ, ಎಚ್-4ರಲ್ಲಿ ಇದ್ದಾಳೆ. ಇಪ್ಪತ್ತೊಂದು ತುಂಬಿದ ದಿನ ಆ ಆಶ್ರಯ ತಪ್ಪುತ್ತದೆ, ಅಷ್ಟರಲ್ಲಿ ತಂದೆಯ ಸರದಿ ಬಾರದಿದ್ದರೆ ಅವನ ಗ್ರೀನ್ ಕಾರ್ಡ್ ಅರ್ಜಿಯಿಂದಲೂ ಆಕೆ ಹೊರಬೀಳುವ ಸಂಭವವಿದೆ. ಬಾಲ್ಯದಲ್ಲೇ ಬಂದವರಿಗೆ ರಕ್ಷಣೆ ಕೊಡಲು ಒಬಾಮ 2012ರಲ್ಲಿ ತಂದ ಡಾಕಾ ಎಂಬ ಯೋಜನೆ ಆಕೆಯಂಥವರಿಗೆ ಅನ್ವಯಿಸುವುದಿಲ್ಲ. ಆ ವರ್ಷದ ಜೂನ್ 15ರಂದು ಸಕ್ರಮ ವೀಸಾ ಇಲ್ಲದಿದ್ದವರಿಗೆ ಮಾತ್ರ ಅದು. ನಿಯಮ ಪಾಲಿಸಿದ ಮನೆಯ ಮಗುವಿಗೆ ಮುರಿದ ಮನೆಯ ಮಗುವಿಗಿರುವಷ್ಟೂ ರಕ್ಷಣೆಯಿಲ್ಲವೆಂಬ ನಿಮ್ಮ ಸಂಕಟ ಇಲ್ಲಿ ನೂರಕ್ಕೆ ನೂರು ನ್ಯಾಯವಾದದ್ದು. ಕಾಲೇಜಿಗೆ ಸೇರಿದ ಮೇಲೆ, ಇಪ್ಪತ್ತೊಂದಕ್ಕೆ ಸಾಕಷ್ಟು ತಿಂಗಳು ಮೊದಲೇ, ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳುವ ಅರ್ಜಿಯನ್ನು ಹಾಕಿಸಲು ಮಗನಿಗೆ ಹೇಳಿ. ಅರ್ಜಿಗಳು ಬಾಕಿಯಿರುವ ಅವಧಿಯಷ್ಟನ್ನು ಮಕ್ಕಳ ವಯಸ್ಸಿನಿಂದ ಕಳೆಯುವ ಲೆಕ್ಕವೊಂದು ಕಾನೂನಿನಲ್ಲಿದೆ. ಅದರ ನಿಯಮ 2025ರ ಆಗಸ್ಟ್‌ನಲ್ಲಿ ಬದಲಾಗಿರುವುದರಿಂದ ಹಳೆಯ ಸಲಹೆಯನ್ನು ನೆಚ್ಚದೆ ವಕೀಲರಿಂದ ಈಗಲೇ ಹೊಸದಾಗಿ ಲೆಕ್ಕ ಹಾಕಿಸಲಿ.